ಡಾರ್ಕ್ ರೂಮಿನ ಹಳದಿ ಗೆರೆ, ತಣಿದ ಪರಮಾಣು
(ಹಳೆಯ ವಿದ್ಯಾರ್ಥಿಯ ನೆನಪುಗಳು)

ನೆನಪು ಬರೆದುಕೊಡಿ ಎಂದಿದ್ದಾರೆ ಸಂಪಾದಕರು. ಗಟ್ಟಿಯಾಗಿ ಉಳಿದದ್ದು ಕಾಸರಗೋಡಿನ ನಮ್ಮ ಕಾಲೇಜಿನ ಡಾರ್ಕ್ ರೂಮು, ಅಲ್ಲಿನ ಉಪಕರಣಗಳು. ಈಗ ನನ್ನ ಕೆಲಸ ಲೇಸರಿನಿಂದ ಪರಮಾಣುಗಳನ್ನು ತಣಿಸುವುದು. ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಕೈಗೆ ಹತ್ತಿದ್ದರಲ್ಲಿ ಯಾವುದೆಲ್ಲ ಇಲ್ಲಿ ನೇರವಾಗಿ ಉಪಯೋಗಕ್ಕೆ ಬಂತು ಎಂಬುದನ್ನು, ಈಗ ಅದೇ ಬೆಂಚಿನ ಮುಂದೆ ನಿಂತಿರುವವರಿಗಾಗಿ ಬರೆಯುತ್ತೇನೆ.

ಸೋಡಿಯಂ ದೀಪ ಸ್ವಿಚ್ ಹಾಕಿದ ಕೂಡಲೇ ಹಳದಿಯಾಗುವುದಿಲ್ಲ. ಮೊದಲು ನಿಯಾನಿನ ಕೆಂಪು ಬೆಳಕು. ಒಳಗಿನ ಸೋಡಿಯಂ ಬಿಸಿಯಾಗಿ ಆವಿಯಾಗಲು 5–10 ನಿಮಿಷ ಬೇಕು. ಅಷ್ಟರಲ್ಲಿ ಸ್ಪೆಕ್ಟ್ರೋಮೀಟರಿನ (ಬೆಳಕಿನ ಗೆರೆಗಳ ಕೋನ ಅಳೆಯುವ ಉಪಕರಣ) ಟೆಲಿಸ್ಕೋಪನ್ನು ಹೊರಗೆ ಒಯ್ದು ದೂರದ ತೆಂಗಿನ ತುದಿಗೆ ಫೋಕಸ್ ಮಾಡಬೇಕು. ಮತ್ತೆ ಅದರ ತಿರುಪು ಮುಟ್ಟದೆ ಕೊಲಿಮೇಟರಿನ (ದೀಪದ ಕಿರಣಗಳನ್ನು ಸಮಾಂತರ ಮಾಡುವ ಕೊಳವೆ) ಸ್ಲಿಟ್ ಚೂಪಾಗಿ ಕಾಣುವಂತೆ ಮಾಡಬೇಕು. ಆಮೇಲೆ ಪ್ರಿಸಂ ಟೇಬಲಿನ ಲೆವೆಲ್. ಈ ಕ್ರಮ ತಪ್ಪಿಸಿದರೂ ರೀಡಿಂಗ್ ಬಂದೇ ಬರುತ್ತದೆ, ಅದೇ ತೊಂದರೆ. ಎಡಬಲದ ಕೋನಗಳು ಹೊಂದದಿದ್ದಾಗಲೇ ಗ್ರೇಟಿಂಗ್ (ಒತ್ತೊತ್ತಾಗಿ ಗೆರೆ ಕೊರೆದ, ಬೆಳಕನ್ನು ಬಿಡಿಸುವ ತಟ್ಟೆ) ಓರೆಯಾಗಿದೆ ಎಂದು ಗೊತ್ತಾಗುವುದು.

ಹಳದಿ ಗೆರೆ ಒಂದಲ್ಲ, 589.0 ಮತ್ತು 589.6 ನ್ಯಾನೊಮೀಟರಿನ ಎರಡು. ಮಿಲಿಮೀಟರಿಗೆ 600 ಗೆರೆಗಳ ಗ್ರೇಟಿಂಗ್ ಇಟ್ಟರೆ ಮೊದಲ ಆರ್ಡರ್ (ನೇರ ಕಿರಣದ ಪಕ್ಕಕ್ಕೆ ಕಾಣುವ ಮೊದಲ ಬಿಂಬ) ಸುಮಾರು 20.7 ಡಿಗ್ರಿಯಲ್ಲಿ ಸಿಗುತ್ತದೆ, ಎರಡರ ನಡುವಿನ ಅಂತರ ಬರೇ 1.3 ನಿಮಿಷ (ಕೋನದ ನಿಮಿಷ, ಡಿಗ್ರಿಯ ಅರುವತ್ತನೆಯ ಒಂದು ಪಾಲು). ವರ್ನಿಯರಿನ ಲೀಸ್ಟ್ ಕೌಂಟೇ, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಕೋನವೇ, 1 ನಿಮಿಷ! ಎರಡನೆಯ ಆರ್ಡರಿಗೆ, ಅಂದರೆ 45 ಡಿಗ್ರಿಗೆ ಹೋದರೆ ಅಂತರ 3.5 ನಿಮಿಷವಾಗುತ್ತದೆ. ಬೆಳಕು ಮಂದವೆಂದು ಆ ಆರ್ಡರನ್ನು ಬಿಟ್ಟುಬಿಡುವವರೇ ಹೆಚ್ಚು, ಬಿಡಬೇಡಿ.

ಇದೇ ಹಳದಿ ಬೆಳಕಿನಿಂದ, ಆದರೆ ಲೇಸರಿನದು, 1985ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಸ್ಟೀವನ್ ಚು ತಂಡ ಸೋಡಿಯಂ ಪರಮಾಣುಗಳನ್ನು 240 ಮೈಕ್ರೊಕೆಲ್ವಿನ್ (ಪರಮ ಶೂನ್ಯಕ್ಕಿಂತ ಡಿಗ್ರಿಯ ಹತ್ತು ಲಕ್ಷದಲ್ಲಿ 240 ಪಾಲು ಮೇಲೆ) ಆಸುಪಾಸಿಗೆ ತಣಿಸಿತು. ತಣಿಸುವುದೆಂದರೆ ಪರಮಾಣುಗಳ ಓಟ ನಿಧಾನಿಸುವುದು. ಮಳೆಯಲ್ಲಿ ಓಡುವವನಿಗೆ ಎದುರಿನ ಹನಿಗಳೇ ಹೆಚ್ಚು ಹೊಡೆಯುತ್ತವಲ್ಲ, ಹಾಗೆ ಇಲ್ಲಿ ಎದುರಿನ ಫೋಟಾನುಗಳು, ಅಂದರೆ ಬೆಳಕಿನ ಕಣಗಳು. ಲೇಸರಿನ ಆವೃತ್ತಿಯನ್ನು ಪರಮಾಣುವಿನದಕ್ಕಿಂತ ತುಸು ಕೆಳಗೆ ಇಟ್ಟರೆ, ಎದುರು ಬರುವ ಕಿರಣವೇ ಡಾಪ್ಲರ್ ಪರಿಣಾಮದಿಂದ (ಎದುರು ಓಡುವುದಕ್ಕೆ ಆವೃತ್ತಿ ಹೆಚ್ಚಾಗಿ ಕಾಣುವುದು) ಸರಿಹೊಂದಿ ಪರಮಾಣುವನ್ನು ತಡೆಯುತ್ತದೆ. ಒಂದು ಫೋಟಾನಿನ ತಳ್ಳು ಸೆಕೆಂಡಿಗೆ 3 ಸೆಂಟಿಮೀಟರ್ ಮಾತ್ರ. ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಓಡುವುದನ್ನು ನಿಲ್ಲಿಸಲು ಅಂಥ 20,000 ತಳ್ಳು ಬೇಕು.

ಇಂದು ಹೆಚ್ಚಿನ ಕಡೆ ಬಳಸುವುದು ರುಬಿಡಿಯಂ-87. ಅದಕ್ಕೆ ಬೇಕಾದ 780 ನ್ಯಾನೊಮೀಟರಿನ ಡಯೋಡ್ ಲೇಸರ್ ಅಗ್ಗ. ಆದರೆ ಬರಿಯ ಡಯೋಡಿನ ಆವೃತ್ತಿ ಅಲೆಯುತ್ತಿರುತ್ತದೆ. ಎದುರಿಗೆ ಒಂದು ಗ್ರೇಟಿಂಗ್ ಇಟ್ಟು, ಅದರ ಮೊದಲ ಆರ್ಡರ್ ತಿರುಗಿ ಡಯೋಡಿನೊಳಕ್ಕೇ ಹೋಗುವಂತೆ ಮಾಡಿದರೆ ನಿಲ್ಲುತ್ತದೆ. ಮಿಲಿಮೀಟರಿಗೆ 1800 ಗೆರೆಗಳದ್ದಾದರೆ ಕೋನ 44.6 ಡಿಗ್ರಿ, ಕಿರಣ ಹೆಚ್ಚುಕಡಿಮೆ ಲಂಬವಾಗಿ ಹೊರಬೀಳುವುದರಿಂದ ಜೋಡಣೆ ಸುಲಭ. ಕರೆಂಟನ್ನು ಲೇಸರ್ ಹೊತ್ತುವ ಮಿತಿಯ ಹತ್ತಿರ ಇಟ್ಟು ಗ್ರೇಟಿಂಗಿನ ತಿರುಪು ತಿರುಗಿಸಿ. ಬೆಳಕು ತಟ್ಟನೆ ಹೆಚ್ಚಿದ ಜಾಗವೇ ಸರಿಯಾದ ಜಾಗ.

ಆಮೇಲೆ ಲಾಕಿಂಗ್, ಅಂದರೆ ಲೇಸರಿನ ಆವೃತ್ತಿಯನ್ನು ಪರಮಾಣುವಿನ ಗೆರೆಗೆ ಕಟ್ಟಿಹಾಕುವುದು. ಕೋಣೆಯ ಉಷ್ಣತೆಯಲ್ಲಿ ಪರಮಾಣುಗಳ ಓಟದಿಂದಾಗಿ ರುಬಿಡಿಯಂ ಆವಿಯ ಗೆರೆ ಸುಮಾರು 500 ಮೆಗಾಹರ್ಟ್ಸ್ ಅಗಲ, ನಿಜವಾದ ಗೆರೆ 6 ಮೆಗಾಹರ್ಟ್ಸ್. ಒಂದೇ ಆವೃತ್ತಿಯ ಎರಡು ಕಿರಣಗಳನ್ನು ಎದುರುಬದುರಾಗಿ ಹಾಯಿಸಿದರೆ ಅಗಲ ಗೆರೆಯ ನಡುವೆ ಕಿರಿದಾದ ಗುರುತುಗಳು ಕಾಣುತ್ತವೆ. ಎಲ್ಲಕ್ಕಿಂತ ಎತ್ತರದ್ದನ್ನು ಹೊಸಬರು ಬೇಕಾದ ಗೆರೆ ಎಂದುಕೊಳ್ಳುತ್ತಾರೆ. ಅದು ಎರಡು ಗೆರೆಗಳ ಸರಿನಡುವೆ ಹುಟ್ಟುವ ಹುಸಿ ಗುರುತು, ಕ್ರಾಸ್‌ಓವರ್. ಬೇಕಾದದ್ದು ಅದಕ್ಕಿಂತ 133 ಮೆಗಾಹರ್ಟ್ಸ್ ಮೇಲಿದೆ. ಕ್ರಾಸ್‌ಓವರಿಗೇ ಲಾಕ್ ಮಾಡಿ, ಮಿಕ್ಕ ಅಂತರವನ್ನು ಅಕೌಸ್ಟೋ-ಆಪ್ಟಿಕ್ ಮಾಡ್ಯುಲೇಟರಿನಿಂದ (ಶಬ್ದದ ಅಲೆಯಿಂದ ಬೆಳಕಿನ ಆವೃತ್ತಿ ಸರಿಸುವ ಉಪಕರಣ) ತುಂಬಿಸುವುದು ವಾಡಿಕೆ.

ಪರಮಾಣುಗಳನ್ನು ಹಿಡಿಯುವ ಬಲೆಗೆ ಆರು ಕಿರಣ ಹಾಕಿಯೂ ತಣಿದ ಪರಮಾಣುಗಳ ಮೋಡ ಕಾಣದಿದ್ದರೆ ಮೊದಲು ರೀಪಂಪ್ ಲೇಸರ್ ನೋಡಿ. ಕೆಲವು ಸಾವಿರ ಫೋಟಾನುಗಳಿಗೊಮ್ಮೆ ಪರಮಾಣು 6.8 ಗಿಗಾಹರ್ಟ್ಸ್ ದೂರದ ಇನ್ನೊಂದು ಕೆಳ ಶಕ್ತಿಮಟ್ಟಕ್ಕೆ ಬಿದ್ದುಬಿಡುತ್ತದೆ, ಅಲ್ಲಿ ಅದಕ್ಕೆ ಮೊದಲ ಲೇಸರ್ ತಾಗುವುದಿಲ್ಲ; ಅಲ್ಲಿಂದ ವಾಪಸು ತರುವುದೇ ರೀಪಂಪ್. ರೀಪಂಪ್ ಸರಿಯಿದ್ದರೆ ಬಲೆಗೆ ಕಾಂತಕ್ಷೇತ್ರ ಕೊಡುವ ಕಾಯಿಲಿನ ಎರಡು ವಯರು ಅದಲುಬದಲು ಮಾಡಿ ನೋಡಿ; ಕಾಂತಕ್ಷೇತ್ರದ ದಿಕ್ಕು ಬೆಳಕಿನ ಧ್ರುವೀಕರಣಕ್ಕೆ (ಅಲೆ ಕಂಪಿಸುವ ರೀತಿಗೆ) ವಿರುದ್ಧವಾಗಿದ್ದರೆ ಬಲೆ ಹಿಡಿಯುವ ಬದಲು ಹೊರದಬ್ಬುತ್ತದೆ. ಅದೂ ಅಲ್ಲವೆಂದರೆ ಆ ಧ್ರುವೀಕರಣ ಹೊಂದಿಸುವ ಕ್ವಾರ್ಟರ್ ವೇವ್ ಪ್ಲೇಟುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಈ ಬೆಳಕು ಕಣ್ಣಿಗೆ ಮಸುಕು, ಅಪಾಯ ಮಾತ್ರ ಪೂರ್ತಿ. ಲೇಸರಿನಿಂದ ಕಣ್ಣು ಕಾಯುವ ಕನ್ನಡಕ ಹಾಕಿ, ಉಂಗುರ, ವಾಚು ತೆಗೆದಿಟ್ಟು, ಕಾರ್ಡಿನಲ್ಲಿ ಕಿರಣ ಹಿಡಿಯಿರಿ.

ಎಲ್ಲರೂ ಬೇಸರಪಡುವ ಟ್ಯಾಂಜೆಂಟ್ ಗ್ಯಾಲ್ವನೋಮೀಟರ್ (ಕರೆಂಟಿನ ಕಾಂತಕ್ಷೇತ್ರವನ್ನು ಭೂಮಿಯದಕ್ಕೆ ಹೋಲಿಸುವ ಸೂಜಿಯ ಉಪಕರಣ) ಪ್ರಯೋಗದ ಬಗ್ಗೆಯೂ ಒಂದು ಮಾತು. ಕಾಂತ ಸಮಭಾಜಕಕ್ಕೆ ಹತ್ತಿರವಿರುವ ನಮ್ಮ ಕಡೆ ಭೂಕಾಂತಕ್ಷೇತ್ರ ಬಹುಪಾಲು ಅಡ್ಡಲಾಗಿಯೇ ಇದೆ, ಸುಮಾರು 0.4 ಗಾಸ್. ಅಷ್ಟಕ್ಕೇ ರುಬಿಡಿಯಂ ಮಟ್ಟಗಳು ನೂರಾರು ಕಿಲೋಹರ್ಟ್ಸ್ ಸರಿಯುತ್ತವೆ. 1988ರಲ್ಲಿ ವಿಲಿಯಂ ಫಿಲಿಪ್ಸ್ ತಂಡ ಸೋಡಿಯಮಿನಲ್ಲಿ 240ರ ಬದಲು ಸುಮಾರು 40 ಮೈಕ್ರೊಕೆಲ್ವಿನ್ ಕಂಡಿತಲ್ಲ, ಆ ಬಗೆಯ ತಣಿವು ಇಂಥ ಅಲ್ಪ ಕ್ಷೇತ್ರಕ್ಕೂ ಕೆಡುತ್ತದೆ. ಮೂರು ದಿಕ್ಕಿಗೆ ಮೂರು ಜೊತೆ ಕಾಯಿಲ್ ಸುತ್ತಿ ಅದನ್ನು ಸೊನ್ನೆಗೆ ತರಬೇಕು. ಗ್ಯಾಲ್ವನೋಮೀಟರಿನ ಹತ್ತಿರದಿಂದ ಕಬ್ಬಿಣದ ಸ್ಟೂಲು ಎತ್ತಿಡಿ ಎನ್ನುತ್ತಿದ್ದ ನಮ್ಮ ಮಾಷ್ಟ್ರ ಮಾತು ಇಲ್ಲಿಗೂ ಸಲ್ಲುತ್ತದೆ. ಸ್ಟೀಲಿನ ಸ್ಕ್ರೂಡ್ರೈವರ್ ಮರೆತರೂ ಮೋಡ ಸರಿಯುತ್ತದೆ.

ಇನ್ನು ಮಳೆಗಾಲ. ಲೆನ್ಸಿಗೆ ಬೂಸ್ಟು ಹಿಡಿಯದಂತೆ ಕಪಾಟಿನೊಳಗೆ ಬಲ್ಬ್ ಉರಿಸಿಡುವುದು ಕರಾವಳಿಯ ಹಳೆಯ ಉಪಾಯ, ಈಗಲೂ ಒಳ್ಳೆಯದೇ. ಲೇಸರಿನ ಕಷ್ಟ ಬೇರೆ. ಡಯೋಡನ್ನು 18 ಡಿಗ್ರಿಗೆ ತಣಿಸಿಟ್ಟಿದ್ದೀರಿ ಎನ್ನಿ. ಜೂನ್–ಜುಲೈಯ ನಮ್ಮ ಗಾಳಿಯ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) 24 ಡಿಗ್ರಿಯ ಸುತ್ತಮುತ್ತ. ಕರೆಂಟು ಹೋಗಿ ಎಸಿ ನಿಂತು, ಲೇಸರ್ ಮಾತ್ರ ಯುಪಿಎಸ್ಸಿನಲ್ಲಿ ನಡೆಯುತ್ತಿದ್ದರೆ ಡಯೋಡಿನ ಮೇಲೆ ನೀರು ಕೂರುತ್ತದೆ. ಪೆಟ್ಟಿಗೆಯನ್ನು ಮುಚ್ಚಿ ಸಿಲಿಕಾ ಜೆಲ್ ಇಡಿ. ಎಸಿ ನಿಂತರೆ ತಣಿಸುವುದೂ ನಿಲ್ಲುವಂತೆ ರಿಲೇ ಕೊಡಿ. ಡಯೋಡಿನ ಉಷ್ಣತೆ ಎಷ್ಟಿರಬೇಕೆಂದು ನಿರ್ಧರಿಸುವ ಮೊದಲು ಒಣ–ಒದ್ದೆ ಥರ್ಮಾಮೀಟರ್ ನೋಡಿ ಇಬ್ಬನಿ ಬಿಂದು ಲೆಕ್ಕ ಹಾಕಿ, ಅದಕ್ಕಿಂತ 2–3 ಡಿಗ್ರಿ ಮೇಲಿಡಿ.