ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ

ಯಳಂದೂರು ದಾಟಿ ಗುಂಬಳ್ಳಿಯ ತಪಾಸಣಾ ಠಾಣೆಯಲ್ಲಿ ವಾಹನದ ಸಂಖ್ಯೆ ಬರೆಸಿದ ಮೇಲೆ ರಸ್ತೆ ಬೆಟ್ಟದ ಮಗ್ಗುಲನ್ನು ಬಳಸಿಕೊಂಡು ಏರುತ್ತದೆ. ಮೊದಲಿಗೆ ಮುಳ್ಳಿನ ಕುರುಚಲು, ಆಮೇಲೆ ಮತ್ತಿ, ದಿಂಡಿಗ, ಹೊನ್ನೆಗಳಿರುವ ಎಲೆಯುದುರುವ ಕಾಡು, ಇನ್ನೂ ಮೇಲಕ್ಕೆ ಹೋದರೆ ಹುಲ್ಲಿನ ದಿಣ್ಣೆಗಳ ನಡುವಿನ ಕೊರಕಲುಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು. ಬಂದವರಲ್ಲಿ ಹೆಚ್ಚಿನವರು ರಂಗನಾಥನ ದರ್ಶನ ಮಾಡಿ, ಬಂಡೆಯ ಅಂಚಿನಿಂದ ಕೆಳಗಿನ ಬಯಲನ್ನು ನೋಡಿ, ಸಂಜೆಯೊಳಗೆ ಇಳಿದುಬಿಡುತ್ತಾರೆ. ನಾವು ಹೋದದ್ದು ಈ ಬೆಟ್ಟದ ಬುಡಕಟ್ಟು ಜನರಾದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಪುಟ್ಟ ಊರುಗಳಿಗೆ. ಕಾಡಿನೊಳಗೆ ಸಂಸಾರ ಹೂಡಿದವರ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಬೇಕಿತ್ತು.

ನಾವು ಉಳಿದುಕೊಂಡ ಪೋಡಿನಲ್ಲಿ ಹಳೆಯ ಬಿದಿರು ಮತ್ತು ಹುಲ್ಲಿನ ಗುಡಿಸಲುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. ಮಿಕ್ಕವು ಸರ್ಕಾರದ ಯೋಜನೆಯಲ್ಲಿ ಕಟ್ಟಿದ ಹೆಂಚಿನ ಅಥವಾ ತಾರಸಿಯ ಮನೆಗಳು. ಅಂಗಳದಾಚೆಗೆ ತುಂಡು ಹೊಲ, ಅದರಲ್ಲಿ ಕೊಯ್ದ ರಾಗಿಯ ಕೂಳೆ, ಬೇಲಿಗೆ ಹಬ್ಬಿದ ಅವರೆ ಮತ್ತು ಕುಂಬಳ. ಮನೆಯ ಹಿಂದಿನ ಇಳಿಜಾರಿನಲ್ಲಿ ಮರಗಳ ನೆರಳಿಗೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಬೆಟ್ಟದಲ್ಲಿ ಕಾಫಿ ತೋಟ ಮೊದಲು ಮಾಡಿದವರು ಬ್ರಿಟಿಷ್ ಪ್ಲಾಂಟರುಗಳು. ಆ ಎಸ್ಟೇಟುಗಳಲ್ಲಿ ಕೂಲಿ ಮಾಡುತ್ತ ಗಿಡದ ಆರೈಕೆ ಕಲಿತ ಸೋಲಿಗರು ಈಗ ತಮ್ಮ ಜಮೀನಿನಲ್ಲೂ ಅದನ್ನು ಬೆಳೆಸಿದ್ದಾರೆ. ರಾಗಿ ಮತ್ತು ಅವರೆ ಹಂದಿ, ಆನೆಗಳ ಪಾಲಾಗುವುದೇ ಹೆಚ್ಚಾದ್ದರಿಂದ ಅವು ಮುಟ್ಟದ ಕಾಫಿಯ ಮೇಲೆ ಮನೆಯವರಿಗೆ ಒಲವು. ರಾತ್ರಿ ಕಾವಲಿಗೆ ಮರದ ಮೇಲೆ ಕಟ್ಟಿದ ಅಟ್ಟಣೆಗಳು ಇನ್ನೂ ಇವೆ, ಆದರೆ ಅದರಲ್ಲಿ ಕೂರುವ ಹುಡುಗರು ಕಡಿಮೆಯಾಗಿದ್ದಾರೆ ಎಂದು ಮನೆಯ ಯಜಮಾನರು ಹೇಳಿದರು.

ಸೋಲಿಗರ ಜೀವನೋಪಾಯ ಏನು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಚಳಿಗಾಲದಲ್ಲಿ ನೆಲ್ಲಿಕಾಯಿ, ಅದು ಮುಗಿಯುವ ಹೊತ್ತಿಗೆ ಸೀಗೆ, ಅಂಟುವಾಳ, ಬೇಸಿಗೆಯಲ್ಲಿ ಮರದ ತೊಗಟೆಯಿಂದ ಎಬ್ಬಿಸುವ ಕಲ್ಲುಹೂವು, ಮುಂಗಾರಿಗೆ ಮುಂಚೆ ಹೆಜ್ಜೇನು, ಮಳೆ ಬಿದ್ದೊಡನೆ ಬಿತ್ತನೆ, ನಡುನಡುವೆ ತೋಟದ ಕೂಲಿ, ಹಸಿವಿನ ತಿಂಗಳುಗಳಲ್ಲಿ ಅಗೆದು ತರುವ ನೂರೆ ಗೆಣಸು ಮತ್ತು ಮಳೆಗೆ ಚಿಗುರುವ ಸೊಪ್ಪುಗಳು, ಹೀಗೆ ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುವಂತೆ ಅವರ ವರ್ಷ ಹೆಣೆದುಕೊಂಡಿತ್ತು. 1990ರ ದಶಕದ ಅಧ್ಯಯನಗಳ ಪ್ರಕಾರ ಇಲ್ಲಿನ ಕುಟುಂಬಗಳ ನಗದು ಆದಾಯದ ಸುಮಾರು ಅರ್ಧದಷ್ಟು ಕಾಡಿನ ಕಿರು ಉತ್ಪನ್ನಗಳಿಂದಲೇ ಬರುತ್ತಿತ್ತು. ಸಂಗ್ರಹಿಸಿದ್ದನ್ನು ಕೊಳ್ಳುತ್ತಿದ್ದದ್ದು ಬುಡಕಟ್ಟು ಜನರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ. ಅದರ ತೂಕ, ದರಗಳ ಬಗ್ಗೆ ಪೋಡಿನಲ್ಲಿ ಗೊಣಗಾಟವಿದ್ದರೂ, ಬೇರೆ ದಾರಿಯಿಲ್ಲದವರಿಗೆ ಅದೇ ಆಸರೆಯಾಗಿತ್ತು.

ಮರುದಿನ ಬೆಳಿಗ್ಗೆ ಯಜಮಾನರು, ಅವರ ತಂಗಿ ಮತ್ತು ಪಕ್ಕದ ಮನೆಯ ಹುಡುಗನೊಂದಿಗೆ ನೆಲ್ಲಿಮರಗಳ ಕಡೆಗೆ ನಡೆದೆವು. ನಡೆದೆವು ಎನ್ನುವುದಕ್ಕಿಂತ ಲಂಟಾನದೊಳಗೆ ನುಸುಳಿದೆವು ಎನ್ನಬೇಕು. ತಲೆಮಟ್ಟ ಮೀರಿ ಬೆಳೆದ ಮುಳ್ಳುಪೊದೆಗಳ ನಡುವೆ ಕಾಡುಪ್ರಾಣಿಗಳು ಮಾಡಿದ ಸುರಂಗದಂಥ ದಾರಿ. ಎದುರಿಗೆ ಏನಾದರೂ ಬಂದರೆ ತಿಳಿಯುವುದು ಮೈಮೇಲೆ ಬಿದ್ದಾಗಲೇ. ಸಂಶೋಧಕರು 1997ರಲ್ಲಿ ಈ ಅರಣ್ಯವನ್ನು ತುಣುಕು ತುಣುಕಾಗಿ ಪರಿಶೀಲಿಸಿದಾಗ ಅರ್ಧಕ್ಕಿಂತ ಕಡಿಮೆ ತುಣುಕುಗಳಲ್ಲಿದ್ದ ಲಂಟಾನ, 2008ರಲ್ಲಿ ಮತ್ತೆ ನೋಡಿದಾಗ ಸುಮಾರು ಎರಡರಷ್ಟು ತುಣುಕುಗಳಲ್ಲಿ ಕಂಡುಬಂದಿತ್ತು. ಕಾರಣವನ್ನು ಕುರಿತು ತಜ್ಞರಲ್ಲಿ ಚರ್ಚೆ ನಡೆದಿದೆ. ಯಜಮಾನರಿಗೆ ಮಾತ್ರ ಅನುಮಾನವಿರಲಿಲ್ಲ.

‘ನಮ್ಮ ಹಿರೀಕರು ತರಗು ಬೆಂಕಿ ಕೊಡ್ತಿದ್ರು ಸ್ವಾಮಿ. ಬಿದ್ದ ಎಲೆ ಮಾತ್ರ ಸುಡೋದು, ಮರ ಸುಡ್ತಿರಲಿಲ್ಲ. ಆಗ ಕಾಡು ಬೆಳಕಾಗಿತ್ತು. ಈಗ ಮುಚ್ಚಿಕೊಂಡದ’ ಎಂದರು.

ಬೇಸಿಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮುನ್ನ, ನೆಲದ ತರಗೆಲೆಗೆ ಹಚ್ಚುತ್ತಿದ್ದ ಆ ಹಗುರ ಬೆಂಕಿಯನ್ನು ಅಭಯಾರಣ್ಯದ ನಿಯಮ ನಿಲ್ಲಿಸಿತು. 1974ರಲ್ಲಿ ಬೆಟ್ಟ ವನ್ಯಜೀವಿ ಧಾಮವಾದ ಮೇಲೆ ಕಾಡು ಕಡಿದು ಮಾಡುತ್ತಿದ್ದ ಬೇಸಾಯ, ಬೇಟೆ, ಬೆಂಕಿ ಮೂರೂ ನಿಂತವು. ಬೇಟೆ ನಿಂತದ್ದಕ್ಕೆ ನನ್ನ ತಕರಾರಿಲ್ಲ. ಬೆಂಕಿಯ ವಿಷಯದಲ್ಲಿ, ಕಾಡಿನಲ್ಲಿ ಹುಟ್ಟಿ ಬೆಳೆದವರನ್ನು ಒಮ್ಮೆ ಕೇಳಬಹುದಿತ್ತು.

ನೆಲ್ಲಿಮರದ ಬುಡದಲ್ಲಿ ಹುಡುಗ ಚಪ್ಪಲಿ ಬಿಟ್ಟು, ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಏರಿದ. ಕಾಯಿ ತುಂಬಿದ ಸಣ್ಣ ಕೊಂಬೆಗಳನ್ನು ಅಲ್ಲಾಡಿಸಿದ, ಸಿಕ್ಕದ್ದನ್ನು ಕೋಲಿನಿಂದ ಬಡಿದ. ಕೆಳಗೆ ಹೆಂಗಸರು ಹಾಸಿದ ಹಳೆಯ ಸೀರೆಯ ಮೇಲೆ ಕಾಯಿ ಆಲಿಕಲ್ಲಿನಂತೆ ಉದುರಿದವು. ಆಮೇಲೆ ಅವನು ಕಾಯಿಯೇ ಇಲ್ಲದ ಒಂದು ಕೊಂಬೆಯ ಹತ್ತಿರ ಸರಿದು, ಅದರ ಮೇಲೆ ದಪ್ಪ ಎಲೆಗಳ ಗೊಂಚಲಾಗಿ ಕೂತಿದ್ದ ಬಂದಳಿಕೆಯನ್ನು ಬುಡಸಮೇತ ಕಡಿದು ಎಸೆದ. ಸೋಲಿಗರು ಉಪ್ಪಿಲು ಎನ್ನುವ ಈ ಸಸ್ಯದ ಹಣ್ಣನ್ನು ಹಕ್ಕಿಗಳು ತಿಂದು, ಅಂಟುವ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತವೆ. ಅದು ಮರದೊಳಗೆ ಬೇರಿಳಿಸಿ ನೀರು ಹೀರುತ್ತದೆ, ಕಾಯಿ ಕಡಿಮೆಯಾಗುತ್ತದೆ, ಕೆಲವು ವರ್ಷಗಳಲ್ಲಿ ಮರವೇ ಒಣಗುತ್ತದೆ. ಕಾಯಿಗೆ ಬಂದವರು ಉಪ್ಪಿಲನ್ನೂ ಕಡಿದು ಹೋಗುವುದು ಹಿಂದಿನಿಂದ ಬಂದ ರೂಢಿ. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಯಾವ ಲೆಕ್ಕದ ಪುಸ್ತಕದಲ್ಲೂ ಅದು ಸೇರುವುದಿಲ್ಲ.

ಆ ರೂಢಿಗೆ ದೊಡ್ಡ ಪೆಟ್ಟು ಬಿದ್ದದ್ದು ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯ ನಂತರ. ಅಭಯಾರಣ್ಯದಿಂದ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದು ಇಲ್ಲಿ 2004ರಿಂದ ನಿಂತುಹೋಯಿತು. ಅತಿಯಾದ ಕೊಯ್ಲಿನಿಂದ ನೆಲ್ಲಿ ನಾಶವಾಗುತ್ತದೆ ಎಂಬ ವಾದವಿತ್ತು. ಆದರೆ ಇಲ್ಲಿ ವರ್ಷಗಟ್ಟಲೆ ಮರಗಳನ್ನು ಅಳೆದವರಿಗೆ ಕೊಯ್ಲಿಗಿಂತ ಉಪ್ಪಿಲು, ಲಂಟಾನಗಳೇ ದೊಡ್ಡ ಅಪಾಯವಾಗಿ ಕಂಡವು. ಎಲ್ಲ ಸಂಗ್ರಹವೂ ನಿರಪಾಯ ಎಂದು ನಾನು ಹೇಳುವುದಿಲ್ಲ. ಉಪ್ಪಿನಕಾಯಿಗೆ ಬಳಸುವ ಮಾಗಳಿ ಬೇರನ್ನು ಅಗೆದರೆ ಗಿಡವೇ ಹೋದಂತೆ, ಅದನ್ನು ನೆಲ್ಲಿಯ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಿಷೇಧ ಮಾಡಿದ್ದು ಅದನ್ನೇ.

ಹೊಡೆತ ಮನೆಗಳಲ್ಲಿ ಹೇಗೆ ಕಂಡಿತು ಎಂಬುದನ್ನು ಯಜಮಾನರ ತಂಗಿ ಹಿಂದಿರುಗುವಾಗ ವಿವರಿಸಿದರು. ನೆಲ್ಲಿ, ಜೇನಿನ ದುಡ್ಡು ಒಟ್ಟಿಗೆ ಕೈಸೇರುತ್ತಿದ್ದರಿಂದ ಮಕ್ಕಳ ಬಟ್ಟೆ, ಹಬ್ಬದ ಖರ್ಚು, ಹಳೆಯ ಸಾಲ ಅದರಲ್ಲೇ ತೀರುತ್ತಿದ್ದವು. ಅದು ನಿಂತ ಮೇಲೆ ಗಂಡಸರು ಕೊಡಗಿನ, ಕೇರಳದ ತೋಟಗಳಿಗೆ ಹೊರಟರು, ಹೆಂಗಸರು ಹತ್ತಿರದ ಎಸ್ಟೇಟಿನ ಕೂಲಿಗೆ ಹೋದರು. ಕೂಲಿ ವಾರವಾರ ಬರುತ್ತದೆ, ವಾರವಾರ ಖರ್ಚಾಗುತ್ತದೆ ಎಂದರು ಆಕೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದಕ್ಕೆ ದೊಡ್ಡ ಹೆಸರುಗಳಿರಬಹುದು, ಇಷ್ಟು ಚೊಕ್ಕವಾಗಿ ಯಾರೂ ಹೇಳಲಾರರು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿಯ ಕಾಡಿನಲ್ಲಿ ಜನರಿಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಯಜಮಾನರ ಮನೆಯಲ್ಲಿ ಅದರ ಪ್ರತಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೂರಿನ ತೊಲೆಗೆ ಸಿಕ್ಕಿಸಿದ್ದರು. ತೆಗೆದು ತೋರಿಸಿದರು: ಸಂಗ್ರಹಿಸುವ, ಮಾರುವ, ದನ ಮೇಯಿಸುವ ಹಕ್ಕುಗಳು ಸಾಲಾಗಿ ಬರೆದಿದ್ದವು. ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಎಲ್ಲೆ, ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿಗಳ ತಾಣಗಳಿವೆ. ಅಲ್ಲಿ ಪೂಜೆ ಮಾಡುವ ಹಕ್ಕನ್ನು ಕಾಗದದಲ್ಲಿ ಬರೆದುಕೊಟ್ಟದ್ದನ್ನು ಅವರು ಎಲ್ಲಕ್ಕಿಂತ ಹೆಮ್ಮೆಯಿಂದ ಬೆರಳಿಟ್ಟು ಓದಿಸಿದರು. ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾಗಿ ಅವರಿಗೆ ಭಾವನಾದವನಲ್ಲವೇ, ನಂಟಸ್ತಿಕೆಗೂ ಕಾಗದ ಬೇಕಾಯಿತೇ ಎಂದು ನಾನು ನಗೆಯಾಡಿದೆ. ‘ಭಾವ ಕೇಳಲ್ಲ ಸ್ವಾಮಿ, ಗಾರ್ಡು ಕೇಳ್ತಾನೆ’ ಎಂದರು.

ಹಕ್ಕು ಮರಳಿದರೂ ಹಳೆಯ ವರ್ಷ ಮರಳಿಲ್ಲ. ಜೇನು ತೆಗೆಯುವ ಕೆಲಸ ಹುಡುಗರಲ್ಲಿ ಕೆಲವರಿಗೆ ಮಾತ್ರ ಗೊತ್ತು. ಅಮಾವಾಸ್ಯೆಯ ಹತ್ತಿರದ ಕತ್ತಲಲ್ಲಿ, ಹೊಗೆಯ ಸೂಡಿ ಹಿಡಿದು, ಎತ್ತರದ ತಾರೆ ಮರಕ್ಕೆ ಹೆಜ್ಜೇನಿಗಾಗಿ ಏರುವುದನ್ನು ಒಂದು ಬೇಸಿಗೆಯಲ್ಲಿ ಕಲಿಯಲಾಗದು. ಕಾಫಿಯ ಬೆಲೆ ಚೆನ್ನಾಗಿರುವಾಗ ಅದನ್ನು ಕಲಿಯುವ ಗರಜೂ ಅವರಿಗಿಲ್ಲ. ನಾವು ಹೊರಡುವ ದಿನ ಸಂಗ್ರಹವಾದ ನೆಲ್ಲಿ ಎರಡು ಚೀಲ. ಒಂದನ್ನು ಸೊಸೈಟಿಗೆ ಕಳುಹಿಸಿ, ಇನ್ನೊಂದನ್ನು ಬೇಯಿಸಿ, ಬೀಜ ತೆಗೆದು ಒಣಗಿಸುವುದೆಂದು ತಂಗಿ ಹೇಳಿದರು. ಒಣಗಿದ್ದಕ್ಕೆ ದರ ಹೆಚ್ಚು ಎಂಬುದು ಅವರ ಲೆಕ್ಕ, ಆದರೆ ಅದಕ್ಕೆ ಕಾಫಿ ಕೊಯ್ಲಿನ ಕೂಲಿಯನ್ನು ಎರಡು ದಿನ ಬಿಡಬೇಕು ಎಂಬುದು ಯಜಮಾನರ ಲೆಕ್ಕ. ನಾವು ಕೆ.ಗುಡಿ ದಾರಿಯಾಗಿ ಚಾಮರಾಜನಗರಕ್ಕೆ ಹೊರಟಾಗಲೂ ಆ ವಾದ ಬಗೆಹರಿದಿರಲಿಲ್ಲ.