ಬರ್ಕೊ

ಮೈಸೂರು, 14 ಜುಲೈ 2024, ಭಾನುವಾರ

ಬೆಳಿಗ್ಗೆ ಕಾಫಿ ಮುಗಿದಿರಲಿಲ್ಲ, ಅಕ್ಕನ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ಬಂದಳು. "ಮಾವ, ಜಾಟ್ ಡೌನ್ ಅಂದ್ರೆ ಕನ್ನಡದಲ್ಲಿ ಏನು?"

"ಟಿಪ್ಪಣಿ ಮಾಡಿಕೊಳ್ಳುವುದು" ಅಂದೆ. ಅಂದ ಮೇಲೆ ನನಗೇ ಸರಿಕಾಣಲಿಲ್ಲ. ಟಿಪ್ಪಣಿ ಅಂದರೆ ಪಂಡಿತರು ಹಳೆಗನ್ನಡ ಪದ್ಯದ ಕೆಳಗೆ ಬರೆಯೋದು, ಇಲ್ಲವೇ ಕಚೇರಿಯಲ್ಲಿ ಸಾಹೇಬರು ಕಡತಕ್ಕೆ ಬರೆಯೋದು. ಹಾಲಿನ ಲೆಕ್ಕಕ್ಕೆ ಯಾರು ಟಿಪ್ಪಣಿ ಮಾಡ್ತಾರೆ?

ಒಗ್ಗರಣೆ ಹಾಕುತ್ತಿದ್ದ ಅಮ್ಮ ಒಳಗಿಂದಲೇ, "ಬರ್ಕೊ ಅಂತ ಹೇಳೋ, ಅಷ್ಟಕ್ಕೆ ಏನು?" ಅಂದಳು.

ಅಷ್ಟೇ ತಾನೆ! 'ಬರಿ' ಅಂದರೆ ಮೇಷ್ಟ್ರಿಗೆ ತೋರಿಸಬೇಕು. 'ಬರ್ಕೊ' ಅಂದರೆ ನಿನಗೋಸ್ಕರ, ಮರೆಯೋದರೊಳಗೆ, ಯಾರಿಗೂ ತೋರಿಸಬೇಕಾಗಿಲ್ಲ. ಕೆಲಸವೆಲ್ಲ ಮಾಡುತ್ತಿರುವುದು ಕೊನೆಯ ಆ 'ಕೊ'. ಇನ್ನೂ ಆತುರವಿದ್ದರೆ 'ಗೀಚ್ಕೊ'. ಬರೀ 'ಗೀಚು' ಬೈಗುಳ, ಗೋಡೆ ಮೇಲೆ ಗೀಚಿದ ಮಗುವಿಗೆ ಏಟು. ಅದಕ್ಕೂ 'ಕೊ' ಸೇರಿದರೆ ಮರ್ಯಾದೆ ಬಂತು.

ಇಂಗ್ಲಿಷಿನ ಜಾಟ್ ಹುಟ್ಟಿದ್ದು ಗ್ರೀಕ್ ಲಿಪಿಯ ಅತಿ ಚಿಕ್ಕ ಅಕ್ಷರ ಅಯೋಟದಿಂದ. ಅವರು 'ನಾಟ್ ಎ ಜಾಟ್' ಅನ್ನುವ ಕಡೆ ನಾವು 'ಎಳ್ಳಷ್ಟೂ ಇಲ್ಲ' ಅಂತೀವಿ.

ಹಿಂದೆ ನಮ್ಮ ಕಡೆ ಅಂಗಡಿಯವರು ಬರ್ಕೊಳ್ಳುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯೋದು. ಲೆಕ್ಕ ತೀರಿದರೆ ಒರೆಸೋದು. ಒರೆಸಲಿಕ್ಕೆಂದೇ ಇದ್ದ ಆ ಕಡತದ ಹೆಸರು ಈಗ ಮೇಜಿಂದ ಮೇಜಿಗೆ ವರ್ಷಗಟ್ಟಲೆ ತೆವಳುವ ಫೈಲಿಗೆ ಅಂಟಿಕೊಂಡಿದೆ, ನೋಡಿ.

ಅಮ್ಮನ ಕಡತ ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರು. 3ರ ಚೌಕದಲ್ಲಿ 'ಸಿ', ಹೊಸ ಸಿಲಿಂಡರ್ ಹಾಕಿದ ದಿನ. 9ಕ್ಕೆ ಅಡ್ಡಗೆರೆ, ಹಾಲು ತೊಗೊಂಡಿಲ್ಲ. 12ಕ್ಕೆ 'ಬೆಟ್ಟ', ಆಷಾಢ ಶುಕ್ರವಾರ. ಮೂಲೆಯಲ್ಲಿ ಬರೀ '40' ಅಂತ ಇದೆ. ಏನಮ್ಮ ಅಂದರೆ, "ಹೂವಿನವಳಿಗೆ ಕೊಡಬೇಕು" ಅಂದಳು, ತಿರುಗಿಯೂ ನೋಡದೆ.

ನಾನೂ ಮೊನ್ನೆ ಪ್ಲಂಬರ್ ನಂಬರನ್ನ ಕರೆಂಟ್ ಬಿಲ್ಲಿನ ಹಿಂದೆ ಗೀಚ್ಕೊಂಡಿದ್ದೆ. ಇವತ್ತು ನೋಡಿದರೆ ಅದು 1ಓ 7ಓ ಗೊತ್ತಾಗುತ್ತಿಲ್ಲ. 7 ಅಂದುಕೊಂಡು ಮಾಡಿದೆ, ಯಾವುದೋ ಮದುವೆ ಛತ್ರದವರು ಎತ್ತಿ "ಯಾವ ತಾರೀಖಿಗೆ ಬೇಕು ಸಾರ್?" ಅಂದರು. 1 ಅಂದುಕೊಂಡು ಮಾಡಿದರೆ ಸ್ವಿಚ್ ಆಫ್.

ಬಚ್ಚಲ ನಲ್ಲಿ ಕೆಳಗೆ ಬಕೆಟ್ ಇಟ್ಟಿದ್ದೇನೆ. ರಾತ್ರಿ ಒಂದು ಸಲ ಎದ್ದು ಖಾಲಿ ಮಾಡಬೇಕು.