ಜೀರುಂಡೆ ಗುಂಯ್ ಎನ್ನಬಾರದು

ನನ್ನ ಕೈಗೆ ಬಂದ ಚಿತ್ರದಲ್ಲಿ ಒಂದು ವಾಹನವಿತ್ತು. ಚಕ್ರವಿಲ್ಲ, ರೆಕ್ಕೆಯಿಲ್ಲ; ನೆಲದಿಂದ ಒಂದು ಗೇಣು ಮೇಲೆ ತೇಲುತ್ತದೆ, ಆರು ಜನ ಕೂರುತ್ತಾರೆ. ಬೆನ್ನು ಉಬ್ಬಿಕೊಂಡು ಮಿರಮಿರ ಮಿಂಚುತ್ತಿದ್ದುದರಿಂದ ನಾವೆಲ್ಲ ಅದನ್ನು ಜೀರುಂಡೆ ಎಂದೇ ಕರೆಯುತ್ತಿದ್ದೆವು. 11 ನಿಮಿಷದ ಅನಿಮೇಷನ್ ಚಿತ್ರದಲ್ಲಿ ಅದು ಕಾಣಿಸಿಕೊಳ್ಳುವುದು 40 ಸೆಕೆಂಡು. ಆ 40 ಸೆಕೆಂಡಿಗೆ ದನಿ ಕೊಡುವ ಕೆಲಸ ನನ್ನದು.

ನಿರ್ದೇಶಕಿ ಕೊಟ್ಟ ಸೂಚನೆ ಒಂದೇ ಸಾಲು: "ಸುಂಯ್ ಎನ್ನಲಿ, ಗುಂಯ್ ಎನ್ನಬಾರದು." ನಗಬೇಡಿ. ನನಗೆ ಇದುವರೆಗೆ ಸಿಕ್ಕ ಸೂಚನೆಗಳಲ್ಲಿ ಇಷ್ಟು ಕರಾರುವಾಕ್ಕಾದದ್ದು ಇನ್ನೊಂದಿಲ್ಲ. ವ್ಯಾಕರಣದ ಪುಸ್ತಕ ಅನುಕರಣಾವ್ಯಯ ಎಂದು ಹೇಳಿ ಅರ್ಧ ಪುಟದಲ್ಲಿ ಮುಗಿಸಿಬಿಡುವ ಈ ಮಾತುಗಳೇ ನನ್ನ ಕಸುಬಿನ ಅಳತೆಗೋಲು. ಸುಂಯ್ ಎಂದರೆ ಗಾಳಿ ಸೀಳಿಕೊಂಡು ಎಲ್ಲಿಗೋ ಹೊರಟದ್ದು. ಗುಂಯ್ ಎಂದರೆ ನಿಂತಲ್ಲೇ ಸುತ್ತುತ್ತಿರುವುದು.

ಮೂರು ದಿನ ಸಿಂಥಸೈಸರ್ ಮುಂದೆ ಕುಳಿತು ನುಣ್ಣನೆಯ, ಹೊಳಪಿನ ಸದ್ದೊಂದನ್ನು ಕಟ್ಟಿ ಕಳುಹಿಸಿದೆ. ಉತ್ತರ ಬಂತು: "ಫ್ರಿಜ್ ಓಡಾಡಿದಂತಿದೆ." ಹೊಟ್ಟೆ ಉರಿಯಿತು. ರಾತ್ರಿ ಮತ್ತೆ ಕೇಳಿದೆ, ನಿಜಕ್ಕೂ ಫ್ರಿಜ್ಜೇ. ಒಬ್ಬರು ಕುಳಿತರೂ ಅದೇ ಸದ್ದು, ಆರು ಜನ ಕುಳಿತರೂ ಅದೇ ಸದ್ದು. ಭಾರವೇ ತಾಗದ ವಾಹನ ಅದು.

ಹಾಗಾಗಿ ನಿಜವಾದ ವಿದ್ಯುತ್ ವಾಹನಗಳ ಸದ್ದು ಕೇಳಲು ಕುಳಿತೆ. ಸೀಮೆನ್ಸ್ ಕಂಪನಿಯ ಟಾರಸ್ ಎಂಬ ರೈಲು ಎಂಜಿನ್ನಿನ ಒಂದು ಮಾದರಿ ನಿಲ್ದಾಣದಿಂದ ಹೊರಡುವಾಗ ಸ್ವರಗಳ ಮೆಟ್ಟಿಲು ಹತ್ತುತ್ತದೆ, ಹಾರ್ಮೋನಿಯಂ ಮೇಲೆ ಯಾರೋ ಬೆರಳಾಡಿಸಿದಂತೆ. ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಜೋಡಿಸುವ ಉಪಕರಣದ ಲಯವೇ ಅಲ್ಲಿ ಸ್ವರವಾಗಿ ಕೇಳಿಸುತ್ತದೆ. ಅದು ಹಾಡಲು ಮಾಡಿದ ಯಂತ್ರವಲ್ಲ, ಸಾವಿರಾರು ಟನ್ ಎಳೆಯುವ ತಿಣುಕಾಟದಲ್ಲಿ ಹಾಡುತ್ತದೆ. ಕಾರುಗಳ ಕತೆ ತಿರುವುಮುರುವು. ಅವು ತೀರಾ ಸದ್ದಿಲ್ಲದೆ ಬಂದು ಪಾದಚಾರಿಗಳನ್ನು ಗಾಬರಿಪಡಿಸುತ್ತವೆ ಎಂದು ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ವಿದ್ಯುತ್ ಕಾರುಗಳೂ ಗಂಟೆಗೆ 20 ಕಿ.ಮೀ. ವೇಗದವರೆಗೆ ಸದ್ದು ಮಾಡಲೇಬೇಕೆಂಬ ನಿಯಮವಿದೆ. ವೇಗ ಹೆಚ್ಚಿದಂತೆ ಸ್ವರವೂ ಏರಬೇಕು. ಅಂದರೆ ಇಲ್ಲದ ಎಂಜಿನ್ನಿಗೆ ದನಿ ಕೊಡುವುದು ಈಗ ಕಾನೂನಿನ ಮಾತು. ನನ್ನ ಕಸುಬಿಗೆ ಇಷ್ಟು ಮರ್ಯಾದೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಹಿರಿಯರು ಇದನ್ನು ಹೇಗೆ ಮಾಡಿದ್ದರು? 1963ರಲ್ಲಿ ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್ 'ಡಾಕ್ಟರ್ ಹೂ' ಧಾರಾವಾಹಿಯ ಕಾಲಯಾನದ ಪೆಟ್ಟಿಗೆಗೆ ಸದ್ದು ಬೇಕಾದಾಗ ತಾಯಿಯ ಮನೆಯ ಬೀಗದ ಕೈಯನ್ನು ಹಳೆಯ ಪಿಯಾನೊದ ತಂತಿಯ ಮೇಲೆ ಗೀರಿದರು. 1977ರಲ್ಲಿ ಬೆನ್ ಬರ್ಟ್ 'ಸ್ಟಾರ್ ವಾರ್ಸ್' ಚಿತ್ರದ ಬಾಹ್ಯಾಕಾಶ ಯುದ್ಧನೌಕೆಗೆ ಆನೆಯ ಘೀಳನ್ನೂ ಒದ್ದೆ ರಸ್ತೆಯಲ್ಲಿ ಸಾಗುವ ಕಾರಿನ ಸದ್ದನ್ನೂ ಬೆರೆಸಿದರು. ಯಾರೂ ಭವಿಷ್ಯಕ್ಕೆ ಹೋಗಿ ರೆಕಾರ್ಡ್ ಮಾಡಿಕೊಂಡು ಬರಲಿಲ್ಲ.

ನಾನೂ ಮನೆಯೊಳಗೇ ಹುಡುಕಿದೆ. ಹೇರ್ ಡ್ರೈಯರ್ ಆಯಿತು, ಟೇಬಲ್ ಫ್ಯಾನ್ ಆಯಿತು, ಮೊಬೈಲ್ ಚಾರ್ಜರ್ ಪಕ್ಕ ತಂತಿಸುರುಳಿ ಹಿಡಿದು ಅದರ ಗುಟ್ಟಿನ ಮುಲುಕಾಟವನ್ನೂ ಹಿಡಿದದ್ದಾಯಿತು. ಕೊನೆಗೆ ಒದಗಿದ್ದು ಬ್ಯಾಟರಿಯ ಟೂತ್‌ಬ್ರಷ್. ಕಬ್ಬಿಣದ ಟ್ರಂಕಿನ ಮುಚ್ಚಳಕ್ಕೆ ಕಾಂಟ್ಯಾಕ್ಟ್ ಮೈಕನ್ನು (ಗಾಳಿಯ ಸದ್ದನ್ನಲ್ಲ, ತಾಗಿದ ವಸ್ತುವಿನ ಕಂಪನವನ್ನೇ ಹಿಡಿಯುವ ಮೈಕು) ಟೇಪಿನಿಂದ ಅಂಟಿಸಿ, ಬ್ರಷ್ಷಿನ ಬೆನ್ನನ್ನು ತಗಡಿಗೆ ತಾಗಿಸಿದೆ. ಸೆಕೆಂಡಿಗೆ ಸುಮಾರು 260 ಕಂಪನ. ಅದನ್ನು ನಾಲ್ಕನೇ ಒಂದು ವೇಗಕ್ಕೆ ಇಳಿಸಿದರೆ 65, ಎದೆಗೂಡಿಗೆ ತಾಗುವ ಮಂದ್ರ. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ಅದಲ್ಲ. ಹೆಬ್ಬೆರಳಿನಿಂದ ಬ್ರಷ್ಷನ್ನು ತುಸು ಒತ್ತಿದೆ. ಸ್ವರ ಒರಟಾಯಿತು. ಇನ್ನಷ್ಟು ಒತ್ತಿದೆ. ತಗಡು ಗೊರಗೊರ ಎಂದಿತು, ಬ್ರಷ್ ಒಂದು ಕ್ಷಣ ತೊದಲಿ ಮತ್ತೆ ಸುಧಾರಿಸಿಕೊಂಡಿತು. ಚಿತ್ರದಲ್ಲಿ ಒಬ್ಬೊಬ್ಬರಾಗಿ ಆರು ಜನ ಜೀರುಂಡೆಯನ್ನು ಹತ್ತುತ್ತಾರಲ್ಲ, ಆ ಭಾರವೆಲ್ಲ ನನ್ನ ಹೆಬ್ಬೆರಳಿನದು. ಅದರಲ್ಲಿ ಒಂದು ದಪ್ಪ ಅಜ್ಜಿ ಇದ್ದಾಳೆ. ಅವಳಿಗಾಗಿ ಎರಡೂ ಹೆಬ್ಬೆರಳು ಬೇಕಾದವು.

ಹಾದುಹೋಗುವ ದೃಶ್ಯಕ್ಕೆ ಡಾಪ್ಲರ್ ಪರಿಣಾಮ ಬೇಕು, ಅಂದರೆ ಹತ್ತಿರ ಬರುವಾಗ ಏರಿದ್ದ ಸ್ವರ ದಾಟಿಹೋಗುವಾಗ ಇಳಿದು ಕೇಳಿಸಬೇಕು. ವಿಜ್ಞಾನಿ ಡಾಪ್ಲರ್ 1842ರಲ್ಲಿ ಹೇಳಿದ್ದನ್ನು 1845ರಲ್ಲಿ ಹಾಲೆಂಡಿನಲ್ಲಿ ತುತ್ತೂರಿ ಊದುವವರನ್ನು ರೈಲಿಗೆ ಹತ್ತಿಸಿ ಪರೀಕ್ಷಿಸಿದ್ದರು. ಗಂಟೆಗೆ 108 ಕಿ.ಮೀ. ವೇಗದ ವಾಹನ ನಮ್ಮನ್ನು ದಾಟುವಾಗ ಸ್ವರ ಹಾರ್ಮೋನಿಯಂನ ಮೂರು ಮನೆ ಕುಸಿಯುತ್ತದೆ, ಸರಿಸುಮಾರು ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ. ಲೆಕ್ಕದ ಪ್ರಕಾರ ಅಷ್ಟೇ ಇಟ್ಟೆ, ಸಪ್ಪೆಯಾಯಿತು. ಶುದ್ಧ ಮಧ್ಯಮದಿಂದ ಇಳಿಸಿದೆ, ಜೀವ ಬಂತು. ಭೌತಶಾಸ್ತ್ರ ಓದಿದವರು ಕ್ಷಮಿಸಲಿ.

ಸುಂಯ್ ಎಂಬ ಸದ್ದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಂಚೆ ಗಾತ್ರದ ಬಟ್ಟೆಯನ್ನು ಮೈಕಿನ ಪಕ್ಕ ಬೀಸಿದ್ದು ಅದು, ಮುಗಿಯಿತು.

ಉಳಿದದ್ದು ಜೀರುಂಡೆ ನಿಲ್ಲುವ ದೃಶ್ಯ. ಅಲ್ಲಿ ಇಸ್ತ್ರಿ ಪೆಟ್ಟಿಗೆ ಆರುವಾಗಿನ ಟಿಕ್, ಟಿಕ್ ಸದ್ದನ್ನು ಹಾಕಿದೆ. ಅನಿಮೇಷನ್ ಮಾಡಿದ ಹುಡುಗ ಕೇಳಿದ: "ಸರ್, ತೇಲುವ ಗಾಡಿಯಲ್ಲಿ ಬಿಸಿಯಾಗಿ ಆರುವುದಕ್ಕೆ ಏನಿದೆ?" ನನ್ನ ಬಳಿ ಉತ್ತರವಿರಲಿಲ್ಲ. ನಿರ್ದೇಶಕಿ ಇನ್ನೊಮ್ಮೆ ಕೇಳಿ, "ಇರಲಿ ಬಿಡಪ್ಪಾ, ದಣಿದಿದೆ ಪಾಪ" ಎಂದರು. ನಾನು ಐದು ಟಿಕ್ ಇಟ್ಟಿದ್ದೆ. ಈಗ ನೋಡಿದರೆ ಐದನೆಯದರ ಮೇಲೆ ಪಿಟೀಲು ಬಂದು ಕುಳಿತಿದೆ. ಸಂಗೀತದವರೊಂದಿಗೆ ಜಗಳ ಇನ್ನೂ ನಡೆಯುತ್ತಿದೆ.